ಓಲೆಮನೆಯ ಗಿಡ್ಡ ಬಾಗಿಲು

"ಕಣ್ಣಾರೆ ಕಂಡವನೇ ಹೆದರಿ ಸುಳ್ಳು ಹೇಳಿದರೆ, ನಡೆದದ್ದಕ್ಕೆ ಸಾಕ್ಷಿ ಯಾರು ಗುರುಗಳೇ?" ಎಂದು ಮರುಳಯ್ಯ ಕೇಳಿದ.

ಸರಿಯಾಗಿ ಕಟ್ಟಿಗೆ ಒಡೆಯುವ ಹೊತ್ತಿಗೇ ಇಂಥ ಪ್ರಶ್ನೆ ಹುಟ್ಟುವುದು ಈ ಶಿಷ್ಯನ ವಾಡಿಕೆ. ಗುರುಗಳಿಗೆ ಅದು ಗೊತ್ತಿತ್ತು. ಆದರೂ ಪ್ರಶ್ನೆ ಚೆನ್ನಾಗಿತ್ತು. ಕೊಡಲಿ ಪಕ್ಕಕ್ಕಿಡಲು ಹೇಳಿ ಕತೆ ಶುರುಮಾಡಿದರು.

ದೂರದ ರಾಜನೊಬ್ಬನ ದಂಡು ಒಂದು ಊರನ್ನು ಗೆದ್ದು ಅಲ್ಲೇ ಬೀಡು ಬಿಟ್ಟಿತು. ಆ ಊರಲ್ಲಿ ಒಬ್ಬ ಗಾಣಿಗನಿದ್ದ. ದಂಡಿನವರು ಅವನ ಎತ್ತನ್ನು ಹೊಡೆದುಕೊಂಡು ಹೋದರು. ಅವನು ನೊಗಕ್ಕೆ ತಾನೇ ಹೆಗಲು ಕೊಟ್ಟು ಗಾಣ ತಿರುಗಿಸತೊಡಗಿದ. ಮೇವಿನ ಖರ್ಚು ಉಳಿಯಿತು ಎಂದು ನೆರೆಯವರಿಗೆ ಹೇಳುತ್ತಿದ್ದ. ನೆರೆಯವರ ಮನೆಯ ಕದಗಳು ಆಗಲೇ ದಂಡಿನ ಒಲೆ ಸೇರಿದ್ದವು. ಇನ್ನು ಬೀಗದ ಕೈ ಕಳೆಯುವ ಚಿಂತೆಯಿಲ್ಲ ಎಂದು ಅವರೂ ಹೇಳುತ್ತಿದ್ದರು. ನಗುವುದೊಂದಕ್ಕೆ ದಂಡಿನವರು ಇನ್ನೂ ಸುಂಕ ಹಾಕಿರಲಿಲ್ಲ.

ಗಾಣದ ಎದುರಿಗೆ ಓಲೆಮನೆ ಇತ್ತು. ಊರಿನ ತಾಳೆಗರಿಗಳನ್ನೆಲ್ಲ ಇಟ್ಟಿದ್ದ ಹಳೆಯ ಕಲ್ಲುಮನೆ. ಅದರ ಬಾಗಿಲು ಎದೆಯೆತ್ತರ. ಗೌಡನಾದರೂ ಬಗ್ಗಬೇಕು, ಅಗಸನಾದರೂ ಬಗ್ಗಬೇಕು. ಹೊಸ್ತಿಲು ಮೊಣಕಾಲೆತ್ತರ. ಜೋಡು ಹೊರಗೆ ಬಿಟ್ಟು, ಅದನ್ನು ತುಳಿಯದೆ ದಾಟಬೇಕು. ಊರಲ್ಲಿ ಕೂಸು ಹುಟ್ಟಿದರೆ ಹನ್ನೊಂದನೆಯ ದಿನ ಸೂಲಗಿತ್ತಿ ಅದನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅಲ್ಲಿ ಗರಿಯ ಮೇಲೆ ಅದರ ಹೆಸರು ಬರೆಯುತ್ತಿದ್ದರು.

ತಲೆ ಬಗ್ಗಿಸಿ ಒಳಗೆ ಹೋಗಬೇಕಾದ ಮನೆ ದಂಡಿನ ದಳವಾಯಿಗೆ ಹಿಡಿಸಲಿಲ್ಲ. ಕೆಡವಿಸಿದ. ಕಲ್ಲು ಕುದುರೆಲಾಯಕ್ಕೆ ಹೋಯಿತು. ಗರಿ ಒಲೆಗೆ ಹೋಯಿತು. ಮುನ್ನೂರು ವರ್ಷಗಳ ಹೆಸರುಗಳನ್ನು ಉರಿಸಿ ನಾಲ್ಕು ದಿನ ಕುದುರೆಗಳಿಗೆ ಹುರುಳಿ ಬೇಯಿಸಿದರು. ಊರವರು ದೂರ ನಿಂತು ನೋಡಿದರು. ಯಾರೂ ಅಳಲಿಲ್ಲ. ಹೊಗೆ ಕಣ್ಣಿಗೆ ಹೋಯಿತು ಎಂದಷ್ಟೇ ಹೇಳಿಕೊಂಡರು.

ಆರು ತಿಂಗಳ ಮೇಲೆ ಸುದ್ದಿ ರಾಜನಿಗೆ ಮುಟ್ಟಿತು. ಗೆದ್ದ ಊರಿನ ಗುಡಿ, ಗ್ರಂಥ ಮುಟ್ಟಕೂಡದೆಂದು ಅವನ ಆಜ್ಞೆಯಿತ್ತು. ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ಕಳಿಸಿದ.

ದಳವಾಯಿ ಆ ಜಾಗವನ್ನು ಅಂಗೈಯಂತೆ ಸಮ ಮಾಡಿಸಿದ. ಎದುರಿಗೇ ಇದ್ದವನಾದ್ದರಿಂದ ಮೊದಲು ಸಾಕ್ಷಿ ಹೇಳಬೇಕಾದವನು ಗಾಣಿಗ. ದಳವಾಯಿ ಅವನ ತಮ್ಮನನ್ನು ಹಿಡಿದು ಕೋಳ ತೊಡಿಸಿದ. ಇಲ್ಲಿ ಹಿಂದಿನಿಂದಲೂ ಬಯಲು ಎಂದು ಊರೆಲ್ಲ ಹೇಳಿದರೆ ತಮ್ಮನು ಮನೆಗೆ ಬರುತ್ತಾನೆ, ಯಾರ ಬಾಯಲ್ಲಾದರೂ ಬೇರೆ ಮಾತು ಬಂದರೆ ಅವನ ತಲೆ ಮಾತ್ರ ಬರುತ್ತದೆ ಎಂದು ಸಾರಿಸಿದ. ಗಾಣಿಗ ಗಾಣದ ಸುತ್ತ ತಿರುಗುತ್ತಲೇ ಆ ಒಂದು ಮಾತನ್ನು ಬಾಯಿಪಾಠ ಮಾಡಿದ.

ವಿಚಾರಣೆಯ ದಿನ ಅಧಿಕಾರಿ ಬಯಲಿನ ನಡುವೆ ಕುರ್ಚಿ ಹಾಕಿಸಿಕೊಂಡು ಕುಳಿತ. ಗಾಣಿಗನನ್ನು ಕರೆಸಿದ. ಗಾಣಿಗ ನೆಟ್ಟಗೆ ನಡೆದು ಬಂದ. ಒಂದು ಕಡೆ ನಿಂತ. ಜೋಡು ಕಳಚಿದ, ನಡು ಬಗ್ಗಿಸಿದ, ಬಲಗಾಲನ್ನು ಎತ್ತರಕ್ಕೆ ಎತ್ತಿ ಬರಿಯ ಗಾಳಿಯನ್ನು ದಾಟಿದ. ಆಮೇಲೆ ಬಂದು ಕೈಮುಗಿದು, ಇಲ್ಲಿ ಏನೂ ಇರಲಿಲ್ಲ, ಅಜ್ಜನ ಕಾಲದಿಂದಲೂ ಬಯಲೇ ಎಂದು ತಡವರಿಸದೆ ಒಪ್ಪಿಸಿದ.

"ಹಾಗಾದರೆ ಅಲ್ಲೇಕೆ ಬಗ್ಗಿದೆ?"

ತಾನು ಬಗ್ಗಿದ್ದು ಗಾಣಿಗನಿಗೇ ಗೊತ್ತಿರಲಿಲ್ಲ. ತಿರುಗಿ ನೋಡಿದ. ಅವನ ಜೋಡು ಬಯಲಿನಲ್ಲಿ ಒಂದರ ಪಕ್ಕ ಒಂದು ಒಪ್ಪವಾಗಿ ಕುಳಿತಿದ್ದವು.

"ನಡುನೋವು, ಬುದ್ಧಿ. ಎತ್ತಿಲ್ಲ, ಗಾಣ ನಾನೇ ಎಳೀತೀನಿ."

ಅಧಿಕಾರಿ ಗೌಡನನ್ನು ಕರೆಸಿದ. ಗೌಡ ಆರಡಿ ಆಳು. ಅದೇ ಜಾಗದಲ್ಲಿ ಇಬ್ಬರ ಪಾಲಿನಷ್ಟು ಬಗ್ಗಿ ಬಂದು, ಬಯಲೇ ಎಂದ. ಸೂಲಗಿತ್ತಿಯನ್ನು ಕರೆಸಿದ. ಅವಳ ಕೈಯಲ್ಲಿ ಕೂಸಿರಲಿಲ್ಲ. ಆದರೂ ಅಲ್ಲಿಗೆ ಬಂದಾಗ ತೋಳು ಎದೆಗೆ ಹೋಯಿತು. ಎಳೆಯ ತಲೆಗೆ ಕಲ್ಲು ತಾಗದಂತೆ ಅಂಗೈ ಅಡ್ಡ ಹಿಡಿದು ಬಗ್ಗಿದಳು. ಬಂದು, ಬಯಲೇ ಎಂದಳು.

"ಈ ಊರಿನವರಿಗೆಲ್ಲ ಒಂದೇ ಜಾಗದಲ್ಲಿ ನಡು ಹಿಡಿಯುತ್ತದೆಯೋ?" ಎಂದು ಅಧಿಕಾರಿ ಕೇಳಿದ.

ಇಲ್ಲಿಯ ನೀರು ಸರಿಯಿಲ್ಲ ಎಂದು ದಳವಾಯಿ ಉತ್ತರಿಸಿದ.

ಅಧಿಕಾರಿ ಗಾಣಿಗನ ಕಡೆ ನೋಡಿದ. ಗಾಣಿಗ ಅವನ ಕಡೆ ನೋಡುತ್ತಿರಲಿಲ್ಲ. ಬಯಲಿನ ಅಂಚಿನಲ್ಲಿ ಇಬ್ಬರು ಈಟಿಯವರ ನಡುವೆ ಕೋಳ ತೊಟ್ಟು ನಿಂತವನನ್ನು ನೋಡುತ್ತಿದ್ದ. ಮೂಗು, ಹುಬ್ಬು ಎರಡೂ ಗಾಣಿಗನವೇ. ಅಧಿಕಾರಿಗೆ ಎಲ್ಲ ಅರ್ಥವಾಯಿತು. ಕಾಗದ ತೆಗೆದು, ಹಿಂದಿನಿಂದಲೂ ಬಯಲು ಎಂದು ಬರೆದ. ಬರೆದದ್ದನ್ನು ದಳವಾಯಿಗೆ ಕೇಳುವಂತೆ ಓದಿದ. ತನ್ನೆದುರಿಗೇ ಕೋಳ ಬಿಚ್ಚಿಸಿದ. ತಮ್ಮನು ಅಣ್ಣನ ಜೊತೆ ಮನೆಗೆ ಹೋದ. ಮರುದಿನದಿಂದ ಗಾಣಕ್ಕೆ ಎರಡು ಹೆಗಲಾದವು.

ಗುರುಗಳು ಇಷ್ಟು ಹೇಳಿ ಕೊಡಲಿಯ ಕಡೆ ಕೈ ತೋರಿಸಿದರು.

ಮರುಳಯ್ಯನಿಗೆ ಸಮಾಧಾನವಾಗಲಿಲ್ಲ. ಗಾಣಿಗನ ತಮ್ಮ ಬದುಕಿದ್ದು ಸಂತೋಷವೇ, ಆದರೆ ಊರೂ ಬಯಲೆಂದಿತು, ರಾಜನ ಕಾಗದವೂ ಬಯಲೆಂದಿತು ಎಂದು ಗೊಣಗಿದ.

"ನ್ಯಾಯ ನೋಡಲು ಬಂದವನೂ ಸುಳ್ಳೇ ಬರೆದ. ಅಂದಮೇಲೆ ಓಲೆಮನೆ ಇತ್ತು ಅನ್ನುವವರು ಯಾರು ಉಳಿದರು ಗುರುಗಳೇ?"

ಗುರುಗಳು ಹೇಳಿದರು: "ಹೊರಡುವಾಗ ಆ ಅಧಿಕಾರಿಯೂ ಅಲ್ಲೇ ಬಗ್ಗಿ, ಕಾಲೆತ್ತಿ ದಾಟಿ, ಹೊರಗೆ ಹೋದ."