ಹರಿಗೋಲು ಹಿಡಿದ ಕೈ

ತೋಂಟದಾರ್ಯ ಗುರುಗಳು ಮೂವತ್ತು ವರ್ಷ ಜೀವಕೋಶಗಳ ಪಾಠ ಹೇಳಿ, ಈಗ ತುಂಗಭದ್ರೆಯ ದಡದ ಆಶ್ರಮವೊಂದರಲ್ಲಿ ಇದ್ದರು.

ಒಂದು ಬೆಳಿಗ್ಗೆ ಶಿಷ್ಯೆ ನೀಲವ್ವ ಬಂದು ಪಾದ ಮುಟ್ಟಿ ನಮಸ್ಕರಿಸಿದಳು. ಸಂಶೋಧನೆ ಬಿಡುತ್ತಿದ್ದೇನೆ, ಹೇಳಿ ಹೋಗಲು ಬಂದೆ ಅಂದಳು.

ಗುರುಗಳು ಕಾರಣ ಕೇಳಿದರು.

ನಾಲ್ಕು ವರ್ಷದಿಂದ ಆಕೆ ಒಂದು ಪ್ರೋಟೀನಿನ ಬೆನ್ನು ಹತ್ತಿದ್ದಳು. ಜೀವಕೋಶದ ಪೊರೆಯಲ್ಲಿ ಒಂದು ಬಗೆಯ ಕೊಬ್ಬಿನ ಅಣು ಕಾಣಿಸಿಕೊಂಡ ಕೂಡಲೇ ಈ ಪ್ರೋಟೀನಿನ ಒಂದು ಭಾಗ, ಕೈಯಂಥದ್ದು, ಬಂದು ಅದನ್ನು ಹಿಡಿಯುತ್ತದೆ. ಬೆಳೆಯಬೇಕೆಂಬ ಸುದ್ದಿಯನ್ನು ಕೋಶದ ಒಳಗೆ ಮುಟ್ಟಿಸುತ್ತದೆ. ಮರುಕ್ಷಣ ಬಿಟ್ಟುಬಿಡುತ್ತದೆ.

ಈ ಸಡಿಲ ಹಿಡಿತ ಕಂಡರೆ ನೀಲವ್ವನಿಗೆ ಸಿಟ್ಟು. ಆ ಕೈಯನ್ನೇ ತಿದ್ದಿ, ಹಿಡಿದರೆ ಬಿಡದಂತೆ ಮಾಡಿದ್ದಳು.

"ಹಿಡೀತೇನು?"

"ಗಟ್ಟಿ ಹಿಡೀತ್ರಿ ಗುರುಗಳ. ಆದ್ರ ಕೋಶ ಎಲ್ಲಾ ಸತ್ತುವು."

ಅಷ್ಟರಲ್ಲಿ ಹರಿಗೋಲು ದಡಕ್ಕೆ ಬಂತು. ಜನ ಇಳಿಯುವ ತನಕ ಅದನ್ನು ಹಿಡಿದು ನಿಲ್ಲಿಸುವುದು ದಿನಾ ಗುರುಗಳ ಕೆಲಸ. ಇವತ್ತು ನೀನು ಹಿಡಿ ಅಂದರು.

ನೀಲವ್ವ ಓದಿದವಳು, ಬರಿಗೈಯನ್ನು ನಂಬುವವಳಲ್ಲ. ಹಗ್ಗ ತಂದು ಹರಿಗೋಲನ್ನು ದಡದ ಕಲ್ಲಿಗೆ ಬಿಗಿದು ಮೂರು ಗಂಟು ಹಾಕಿದಳು. ಜನ ಇಳಿದರು.

ಅಂಬಿಗ ದುರುಗಪ್ಪ ಗಂಟು ಬಿಚ್ಚಲು ಕೂತ. ನೀರು ಕುಡಿದ ಹಗ್ಗ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಆಚೆ ದಡದಲ್ಲಿ ಜನ ಕೈಬೀಸಿ ಕರೆಯುತ್ತಿದ್ದರು. ಅವರಲ್ಲಿ ಒಬ್ಬಳು ತುಂಬು ಬಸುರಿ, ಆಸ್ಪತ್ರೆಗೆ ಹೊರಟವಳು. ಕೊನೆಗೆ ದುರುಗಪ್ಪ ಕುಡುಗೋಲಿನಿಂದ ಹಗ್ಗ ಕೊಯ್ದ.

"ಗುರುಗಳು ಬರೇ ಕೈಲೆ ಹಿಡೀತಾರವ್ವ," ಅಂದ. "ಜನ ಇಳಿದ ಕೂಡ್ಲೆ ಬಿಡ್ತಾರ. ಆ ಕೈಯಿಂದ ನನ್ನ ಹೊಟ್ಟಿ ನಡದೈತಿ."

ಹರಿಗೋಲು ಮರಳಿ ಬಂದಾಗ ನೀಲವ್ವ ಮೊಣಕಾಲುದ್ದ ನೀರಿಗಿಳಿದು ಎರಡೂ ಕೈಯಿಂದ ಹಿಡಿದಳು. ಎಲ್ಲರೂ ಇಳಿದ ಮೇಲೆ ಬಿಟ್ಟಳು. ಬಸುರಿ ಹೆಂಗಸು ಆ ಒದ್ದೆ ಕೈಗಳನ್ನು ತನ್ನ ಕಣ್ಣಿಗೊತ್ತಿಕೊಂಡು ಹೋದಳು.

ನೀಲವ್ವನಿಗೆ ಅಳು ಬಂತು.

"ನಾಲ್ಕು ವರ್ಷ ಆ ಪ್ರೋಟೀನಿಗೆ ಕೈಲಾಗದ್ದು ಅಂತ ಬೈದೇನ್ರಿ," ಅಂದಳು. "ನಾಳೆ ಲ್ಯಾಬಿಗೆ ಹೋಗ್ತೀನಿ. ಮೊದಲು ಏನ್ ಮಾಡ್ಲಿ?"

"ಮೊದಲು ಅದಕ್ಕ ಕೈ ಮುಗಿ," ಅಂದರು ಗುರುಗಳು. "ನಿನ್ನ ಮೈಯಾಗೂ ಅದು ಹಿಡದು ಬಿಟ್ಟಿದ್ದಕ್ಕ ನೀ ಇಲ್ಲೀತನಕ ನಡಕೊಂಡು ಬಂದೀ."