ಉಳಿದ ಕೆಂಪು ತುಂಡು

"ಬುದ್ಧೀ, ಇಷ್ಟು ವರ್ಷ ನಿಮ್ಮ ಹತ್ತಿರ ಕಲಿತೆ. ಆದರೂ ಏನೋ ಒಂದು ಬಿಟ್ಟುಹೋಗಿದೆ ಅನ್ನಿಸುತ್ತದೆ. ಅದು ಯಾವುದೆಂದು ತಿಳಿಯದೆ ಹೇಗೆ ಹೋಗಲಿ?" ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಅವತ್ತು ಅವನು ಬೇರೆ ಊರಿಗೆ ಹೊರಡಬೇಕಿತ್ತು. ಮಕ್ಕಳು ಇದ್ದು ಓದುವ ಅಲ್ಲಿನ ಪ್ರಸಾದನಿಲಯವನ್ನು ಗುರುಗಳು ಅವನ ಕೈಗೆ ಒಪ್ಪಿಸಿದ್ದರು. ಹಿಂದೆಯೂ ಇದೇ ಮಾತು ಹೇಳಿ ಅವನು ಪ್ರಯಾಣ ಮುಂದೂಡಿದ್ದ. ಅಲ್ಲಿ ಮಕ್ಕಳು ದಾರಿ ಕಾಯುತ್ತಿದ್ದರು. ಗುರುಗಳು ಹೋಗು ಎನ್ನಲಿಲ್ಲ, ಇರು ಎಂದೂ ಹೇಳಲಿಲ್ಲ. ಕತೆ ಶುರುಮಾಡಿದರು.

ಒಬ್ಬ ಮೆಕ್ಯಾನಿಕ್ ಇದ್ದ. ಬಸ್ ಡಿಪೋದಲ್ಲಿ ಕೆಲಸ. ಬಿಚ್ಚಿದ್ದನ್ನು ಜೋಡಿಸಿದ ಮೇಲೆ ಒಂದೇ ಒಂದು ನಟ್ಟು ಉಳಿದರೂ ಅವನು ಬಸ್ಸನ್ನು ಹೊರಗೆ ಬಿಡುತ್ತಿರಲಿಲ್ಲ. ಡ್ರೈವರುಗಳು ಗೊಣಗಿದರೆ, "ಒಳಗೆ ಕೂತೋರ ಜೀವಕ್ಕೆ ಸ್ಪೇರ್ ಪಾರ್ಟ್ ಸಿಗಲ್ಲ ಕಣಯ್ಯ" ಎನ್ನುತ್ತಿದ್ದ. ಒಳ್ಳೆಯ ಗುಣವೇ. ಆದರೆ ಆ ಗುಣವನ್ನು ಡಿಪೋದಲ್ಲೇ ಬಿಟ್ಟು ಮನೆಗೆ ಬರುವುದು ಅವನಿಗೆ ಗೊತ್ತಿರಲಿಲ್ಲ.

ಅವನ ಮಗಳಿಗೆ ಯಂತ್ರಮಾನವರ ಹುಚ್ಚು. ಕತೆಗಳಲ್ಲಿ ನಕ್ಷತ್ರಗಳ ಆಚೆಯಿಂದ ಬಂದು ಊರು ಕಾಯುವ, ಬೆಟ್ಟದೆತ್ತರದ ಯಂತ್ರಮಾನವರು. ಅಂಥವನೊಬ್ಬನನ್ನು ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳ ಪೆಟ್ಟಿಗೆಯನ್ನು ಅವನು ತಂದುಕೊಟ್ಟ. ಅಪ್ಪ ಮಗಳು ಚಾಪೆಯ ಮೇಲೆ ಕೂತು, ಪೆಟ್ಟಿಗೆಯಲ್ಲಿದ್ದ ಚಿತ್ರ ನೋಡಿಕೊಂಡು, ಇಟ್ಟಿಗೆಯ ಮೇಲೆ ಇಟ್ಟಿಗೆ ಒತ್ತಿದರು. ಕಾಲು ನಿಂತಿತು, ಎದೆ ಬಂತು, ತಲೆ ಕೂತಿತು. ಕಣ್ಣಿಗೆ, ಎದೆಗೆ, ಮಂಡಿಗೆ ಕಡಲೆಕಾಳಿನಷ್ಟು ಕೆಂಪು ತುಂಡುಗಳು. ಮಗಳು ಎದ್ದು ಕುಣಿದಳು.

ಅಷ್ಟರಲ್ಲಿ ಚಾಪೆಯ ಮೇಲೆ ಉಳಿದಿದ್ದ ಒಂದು ಕೆಂಪು ತುಂಡು ಮೆಕ್ಯಾನಿಕ್ಕನ ಕಣ್ಣಿಗೆ ಬಿತ್ತು. ಎಲ್ಲೋ ಹಾಕಬೇಕಾದದ್ದನ್ನು ಹಾಕಿಲ್ಲ!

"ಬಿಚ್ಚೋಣ" ಎಂದ.

"ಚೆನ್ನಾಗೇ ನಿಂತಿದಾನಲ್ಲಪ್ಪಾ!"

"ನಿಂತ ಮಾತ್ರಕ್ಕೆ ಸರಿಯಾಗಿದಾನೆ ಅಂತಲ್ಲಮ್ಮ."

ಬಿಚ್ಚಿದ, ಕಟ್ಟಿದ. ತುಂಡು ಉಳಿಯಿತು. ಮತ್ತೆ ಬಿಚ್ಚಿದ, ಇನ್ನೂ ನಿಧಾನವಾಗಿ ಕಟ್ಟಿದ. ಹಾಳಾದ ತುಂಡು ಮತ್ತೂ ಉಳಿಯಿತು. ಮೊದಮೊದಲು ಮಗಳು ಪಕ್ಕದಲ್ಲೇ ಇದ್ದಳು, ಆಮೇಲೆ ಬಾಗಿಲಲ್ಲಿ ನಿಂತು ನೋಡಿದಳು. ಅವನು ಇನ್ನೊಮ್ಮೆ ಬಿಚ್ಚಿ, ಇಟ್ಟಿಗೆಗಳನ್ನು ರಾಶಿ ಹಾಕಿ ಕರೆದಾಗ, "ನಂಗೆ ಬೇಡ. ನೀನೇ ಆಡ್ಕೋ" ಎಂದು ಆಚೆ ಹೋದಳು. ಅವನಿಗೆ ಬಹಳ ನೋವಾಯಿತು. ತನ್ನ ಕೆಲಸ ಅರೆಕೊರೆಯಾಗಿದ್ದಕ್ಕೇ ಮಗುವಿಗೆ ಬೇಜಾರಾಯಿತು ಎಂದುಕೊಂಡ. ನೋಡು ಮರುಳಸಿದ್ಧ, ಗ್ರಹಚಾರ ಎಂದರೆ ಇದು.

ಆ ತುಂಡನ್ನು ಮುಷ್ಟಿಯಲ್ಲಿ ಹಿಡಿದು, ಪೆಟ್ಟಿಗೆ ಕೊಂಡಿದ್ದ ಅಂಗಡಿಗೆ ಹೋದ. "ಇದು ಎಲ್ಲಿಗೆ ಸೇರಬೇಕಮ್ಮ? ಎಷ್ಟು ಸಲ ಕಟ್ಟಿದ್ರೂ ಉಳೀತಿದೆ" ಎಂದು ತಪ್ಪು ಮಾಡಿದವನ ಹಾಗೆ ಮೆಲ್ಲಗೆ ಕೇಳಿದ.

ಅಂಗಡಿಯಾಕೆ ನಕ್ಕುಬಿಟ್ಟಳು. "ಎಲ್ಲಿಗೂ ಸೇರಬೇಕಾಗಿಲ್ಲ ಅಣ್ಣ. ಸಣ್ಣ ತುಂಡು ಕಳೆದುಹೋಗುತ್ತೆ ಅಂತ ಮಾಡೋರೇ ಒಂದು ಹೆಚ್ಚಿಗೆ ಹಾಕಿರ್ತಾರೆ."

"ಹಾಗಾದ್ರೆ ನಾವು ಕಟ್ಟಿದ್ದು?"

"ಮೊದಲನೇ ಸಲಕ್ಕೇ ಪೂರ್ತಿ ಆಗಿತ್ತು."

ಮೆಕ್ಯಾನಿಕ್ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೋದ ಜೀವ ಬಂದಂತಾಯಿತು. ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಮನೆಗೆ ಓಡಿ, "ತಪ್ಪು ನಂದೇ ಕಣಮ್ಮ. ಅವನು ಅವತ್ತೇ ಸರಿಯಾಗಿದ್ದ. ಬಾ, ಈ ಸಲ ನೀನೇ ಕಟ್ಟು" ಎಂದು ಮಗಳನ್ನು ಕರೆದ. ಅವಳು ಸ್ವಲ್ಪ ಹೊತ್ತು ಬಿಗುಮಾನ ಮಾಡಿ, ಆಮೇಲೆ ಬಂದು ಕೂತಳು.

ಯಂತ್ರಮಾನವ ಮತ್ತೆ ಎದ್ದು ನಿಂತ. ಕೊನೆಗೆ ಕಣ್ಣು ಹಾಕಲು ಹೋದರೆ ಒಂದೇ ಕಣ್ಣಿತ್ತು. ಅಷ್ಟು ಸಲ ಬಿಚ್ಚಿದ್ದರಲ್ಲಿ ಇನ್ನೊಂದು ಎಲ್ಲಿಗೋ ಉರುಳಿಹೋಗಿತ್ತು. ಬೀರುವಿನ ಕೆಳಗೆ ಹುಡುಕಿದರು, ಚಾಪೆ ಕೊಡವಿದರು, ಸಿಗಲಿಲ್ಲ. ಮಗಳು ಮುಖ ಸಣ್ಣದು ಮಾಡಿಕೊಂಡಳು.

ಅಪ್ಪ ಮುಷ್ಟಿ ಬಿಚ್ಚಿದ. ಕೆಂಪು ತುಂಡು ಅಲ್ಲೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಮುಖ ತುಸು ಗೆಲುವಾಗಿತ್ತು, ಆದರೂ ಸುಮ್ಮನಾಗಲು ಮನಸ್ಸು ಬರಲಿಲ್ಲ.

"ಅಲ್ಲಿಗೆ ಹೋಗಿ ನಾನೇನಾದರೂ ತಪ್ಪು ಮಾಡಿದರೆ, ಬುದ್ಧೀ?"

"ಏನಾದರೂ ಕೈತಪ್ಪುತ್ತದೆಂದು ಪೆಟ್ಟಿಗೆ ತುಂಬುವವರಿಗೇ ಗೊತ್ತಿರುವಾಗ, ನಿನ್ನನ್ನು ಕಳಿಸುವ ನನಗೆ ಗೊತ್ತಿರುವುದಿಲ್ಲವೇನಯ್ಯ?" ಎಂದರು ಗುರುಗಳು.

ಮರುಳಸಿದ್ಧ ಚೀಲವನ್ನು ಹೆಗಲಿಗೇರಿಸಿದ.