ಓಗೊಟ್ಟಮ್ಮನ ಬಡಾವಣೆ

ಬೆಳ್ಳಿಕೋಟೆಯ ಬಸ್ ನಿಲ್ದಾಣದಿಂದ ಪೂರ್ವ ದಿಕ್ಕಿಗೆ ಹೊರಡುವ ಸಿಟಿ ಬಸ್ಸಿನ ಹಣೆಯ ಮೇಲೆ ‘ಪೂರ್ವ ವಿಸ್ತರಣೆ’ ಎಂದು ಬರೆದಿರುತ್ತದೆ. ಆ ಹೆಸರು ಹೇಳಿ ಟಿಕೆಟ್ ಕೇಳಿದವನನ್ನು ಕಂಡಕ್ಟರ್ ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾನೆ. ಆಸಾಮಿ ಊರಿಗೆ ಹೊಸಬನೆಂದು ಅವನಿಗೆ ಗೊತ್ತಾಗಿಬಿಡುತ್ತದೆ. ಊರಿನವರ ಬಾಯಲ್ಲಿ ಅದು ಓಗೊಟ್ಟಮ್ಮನ ಬಡಾವಣೆ. ನಗರಸಭೆಯವರು ತಮ್ಮ ಹೆಸರನ್ನು ಮೊದಲು ಕಲ್ಲಿನ ಮೇಲೆ ಕೆತ್ತಿಸಿದರು, ಆಮೇಲೆ ತಗಡಿನ ಮೇಲೆ ಬರೆಸಿದರು, ಈಗ ಹೊಳೆಯುವ ಹಸಿರು ಫಲಕವನ್ನೂ ನೆಡಿಸಿ ನೋಡಿದ್ದಾರೆ. ಜನ ಜಪ್ಪಯ್ಯ ಎಂದರೂ ಹಳೆಯ ಹೆಸರು ಬಿಟ್ಟಿಲ್ಲ. ಹೆಂಚಿನ ಮನೆಗಳ ನಡುವೆ ಈಗ ಎತ್ತರದ ಕಟ್ಟಡಗಳು ಎದ್ದಿವೆ, ಬ್ಯೂಟಿ ಪಾರ್ಲರ್ ಬಂದಿದೆ, ಸಂಜೆಯಾದರೆ ಗೋಬಿ ಗಾಡಿಯ ಮುಂದೆ ಜನ ಜಮಾಯಿಸುತ್ತಾರೆ. ಆದರೂ ಕಾಲಿಂಗ್ ಬೆಲ್ ಮಾರುವವನಿಗೆ ಇಲ್ಲಿ ಅಷ್ಟಾಗಿ ವ್ಯಾಪಾರವಿಲ್ಲ. ಕೊರಿಯರ್‌ನವನು ಗೇಟಿನ ಬಳಿ ನಿಂತು ‘ಅಮ್ಮಾ’ ಎಂದು ಒಂದು ಸಲ ಕರೆದರೆ ಆ ಮನೆಯಿಂದಷ್ಟೇ ಅಲ್ಲ, ಎದುರು ಮನೆಯಿಂದ, ಪಕ್ಕದ ಮಹಡಿಯಿಂದ, ಹಿತ್ತಲಿನ ಬಟ್ಟೆ ಕಲ್ಲಿನಿಂದ ‘ಓ’ ಎಂಬ ಉತ್ತರ ಬರುತ್ತದೆ. ಪೊಟ್ಟಣವನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಅವನು ಕಕ್ಕಾಬಿಕ್ಕಿಯಾಗುತ್ತಾನೆ. ನಡುಬೀದಿಯ ಹೊಂಗೆಮರದ ಕೆಳಗೆ ಒಂದು ಗುಡಿಯಿದೆ. ಗುಡಿಯೆಂದರೆ ಮೂರ್ತಿಯಿಲ್ಲ, ಗೋಪುರವಿಲ್ಲ, ಪೂಜಾರಿಯೂ ಇಲ್ಲ. ತೇಗದ ಒಂದು ಹಳೆಯ ಬಾಗಿಲವಾಡ, ಅದರ ನೆತ್ತಿಯ ಮೇಲೆ ಕೆತ್ತಿದ ಒಂದು ಜೋಡಿ ಗಿಳಿ, ಕೆಳಗೆ ಸವೆದ ಹೊಸ್ತಿಲು, ಇಷ್ಟೇ. ಬಾಗಿಲು ಮಾತ್ರ ಇಲ್ಲ.

ಹಿಂದೆ ಒಮ್ಮೆ, ಈಗಿನ ಮುದುಕರ ಮುತ್ತಜ್ಜಿಯರು ಇನ್ನೂ ಲಂಗ ಉಟ್ಟು ಓಡಾಡುತ್ತಿದ್ದ ಕಾಲದಲ್ಲಿ, ಇದು ಬರೀ ಕಲ್ಲುದಿಣ್ಣೆಯಾಗಿತ್ತು. ಕುರಿ ಮೇಯಿಸುವವರನ್ನು ಬಿಟ್ಟರೆ ಇತ್ತ ಯಾರೂ ತಲೆಹಾಕುತ್ತಿರಲಿಲ್ಲ. ಊರೆಲ್ಲ ಕೋಟೆಯ ಒಳಗೆ, ಒಂದಕ್ಕೊಂದು ಅಂಟಿಕೊಂಡ ಮನೆಗಳಲ್ಲಿತ್ತು. ಅಲ್ಲಿನ ಗಾಣಗೇರಿಯಲ್ಲಿ ತಿಮ್ಮಾಜಮ್ಮ ಎಂಬ ವಿಧವೆ ಇದ್ದಳು. ಮೈದುನನ ಗಾಣದಲ್ಲಿ ತೆಗೆದ ಎಳ್ಳೆಣ್ಣೆಯನ್ನೂ ಹುಚ್ಚೆಳ್ಳೆಣ್ಣೆಯನ್ನೂ ತಲೆಯ ಮೇಲೆ ಹೊತ್ತು ಬೀದಿಬೀದಿ ತಿರುಗಿ ಮಾರುತ್ತಿದ್ದಳು. ಯಾವ ಮನೆಯ ಒಳಗಿಂದ ಯಾರು ಕರೆದರೂ ಕಿವಿಗೆ ಹಾಕಿಕೊಂಡು ‘ಓ, ಬಂದೆ’ ಎನ್ನುವುದೇ ಅವಳ ಕಸುಬು. ಅವಳಿಗಿದ್ದವಳು ಒಬ್ಬಳೇ ಮಗಳು, ಚೆಲುವಿ. ಕೋಟೆಯ ಆಚೆ ತುದಿಯ ಹೊಳೆಬೀದಿಗೆ ಅವಳನ್ನು ಕೊಟ್ಟಿತ್ತು. ಮಗಳ ಬಾಣಂತನ ಮುಗಿಸಿ, ಹೆಣ್ಣುಕೂಸಿನ ಸಮೇತ ಗಂಡನ ಮನೆಗೆ ಬಿಟ್ಟುಬಂದು ಹೆಚ್ಚು ದಿನ ಆಗಿರಲಿಲ್ಲ. ಆಗ ಊರಿನಲ್ಲಿ ಇಲಿ ಬೀಳತೊಡಗಿತು.

ಇಲಿ ಬಿತ್ತೆಂದರೆ ಪ್ಲೇಗು ಬಂತೆಂದೇ ಅರ್ಥ. ಸೂರಿನಿಂದ ಇಲಿ ಸತ್ತು ಬಿದ್ದ ಮನೆಯಲ್ಲಿ ಸ್ವಲ್ಪ ದಿನಕ್ಕೆಲ್ಲ ಮನುಷ್ಯರಿಗೆ ಜ್ವರ, ಕಂಕುಳಲ್ಲಿ ಗಡ್ಡೆ. ಒಂದು ಹೆಣವನ್ನು ಹೊತ್ತುಹೋದವರು ಹಿಂತಿರುಗುವಷ್ಟರಲ್ಲಿ ಇನ್ನೊಂದು ಕಾಯುತ್ತಿತ್ತು ಎನ್ನುತ್ತಾರೆ. ಊರು ಖಾಲಿ ಮಾಡಿ ದಿಣ್ಣೆಯ ಮೇಲೆ ಗುಡಿಸಲು ಹಾಕಿಕೊಳ್ಳಿರೆಂದು ಡಂಗುರ ಸಾರಿದರು. ಹೊರಡುವ ಮುನ್ನ ತಿಮ್ಮಾಜಮ್ಮ ಹೊಳೆಬೀದಿಗೆ ಓಡಿದಳು. ಮಗಳನ್ನೂ ಕೂಸನ್ನೂ ಜೊತೆಗೆ ಕಳಿಸಿಕೊಡಿ ಎಂದು ಬೀಗರ ಮುಂದೆ ಸೆರಗೊಡ್ಡಿದಳು. ಅಳಿಯ ಆಗಲೇ ಜ್ವರದಲ್ಲಿ ಮಲಗಿದ್ದ. ಗಂಡ ಮಲಗಿರುವಾಗ ಹೆಂಡತಿ ತವರಿಗೆ ಹೊರಡುವುದೆಂದರೇನು ಎಂದು ಬೀಗಿತ್ತಿ ಒಪ್ಪಲಿಲ್ಲ. ಅವಳ ಮಾತಿಗೆ ಎದುರಾಡುವಂತೆಯೂ ಇರಲಿಲ್ಲ. ಚೆಲುವಿ ಕೂಸನ್ನು ಎದೆಗವಚಿಕೊಂಡು ಬೀದಿಬಾಗಿಲ ತನಕ ಬಂದಳು. ‘ಅಲ್ಲಿ ಗುಡ್ಲೆಲ್ಲ ಒಂದೇ ತರ ಇರ್ತವಂತೆ. ನಿಂದು ಯಾವ್ದು ಅಂತ ಹೆಂಗವ್ವ ಗೊತ್ತಾಗೋದು?’ ಎಂದು ಕೇಳಿದಳು. ತಿಮ್ಮಾಜಮ್ಮ ಮಗಳ ಗಲ್ಲ ಹಿಡಿದು, ‘ನಮ್ಮನೆ ಬಾಗ್ಲೇ ಅಲ್ಲಿರ್ತದೆ ಕಣ್ಮಗ. ಯಾವೊತ್ತಾದ್ರೂ ಬಾ. ಬಾಗ್ಲಲ್ಲಿ ನಿಂತ್ಕಂಡು ಒಂದ್ ಕೂಗು ಹಾಕು ಸಾಕು, ನಾನಿರ್ತೀನಿ’ ಎಂದಳು.

ಆಡಿದ ಹಾಗೆ ಮಾಡಿದಳು. ಗಾಣಗೇರಿಯ ಮನೆಯ ಗಿಳಿಬಾಗಿಲನ್ನು ವಾಡದ ಸಮೇತ ಕೀಳಿಸಿ, ಎತ್ತಿನ ಗಾಡಿಗೆ ಹೇರಿಸಿ ದಿಣ್ಣೆಗೆ ತಂದಳು. ಅದನ್ನು ನಿಲ್ಲಿಸಿಕೊಟ್ಟವನು ಬಡಗಿ ಕಾಳಾಚಾರಿ. ಗುಡಿಸಲ ಸಾಲಿಗೆ ಅವನೇ ಹಿರಿಯ, ಅವನ ಮಾತೇ ಅಲ್ಲಿ ಕಟ್ಟಳೆ. ಬಿದಿರುತಟ್ಟಿಯ ಗೋಡೆ, ಸೋಗೆಯ ಸೂರು, ನಡುವೆ ಇಬ್ಬರು ಸೇರಿ ಎತ್ತಬೇಕಾದ ತೇಗದ ಬಾಗಿಲು. ಕಂಡವರು ನಗದೆ ಬಿಡುತ್ತಾರೆಯೇ? ಬಾಗಿಲಿಗೆ ಗುಡಿಸಲು ಕಟ್ಟಿಸಿದೆಯೋ ಗುಡಿಸಲಿಗೆ ಬಾಗಿಲೋ ಎಂದು ಕೆಣಕಿದರು. ಆ ಕಷ್ಟದ ದಿನಗಳಲ್ಲಿ ನಗಲು ಜನಕ್ಕೆ ಅದೊಂದಾದರೂ ಸಿಕ್ಕಿತು. ತಿಮ್ಮಾಜಮ್ಮನೂ ನಕ್ಕಳು. ನನ್ನ ಮಗಳು ಬಂದರೆ ತಡಕಾಡಬಾರದು ನೋಡಿ ಎಂದಳು.

ಆದರೆ ಸಾವು ದಿಣ್ಣೆಯನ್ನೂ ಹತ್ತಿ ಬಂತು, ಅದರ ಜೊತೆಗೆ ಕೂಗುಮಾರಿಯ ಮಾತೂ ಬಂತು. ದೀಪ ಹಚ್ಚುವ ಹೊತ್ತಿಗೆ ಮಾರಿ ಬೀದಿಗೆ ಇಳಿಯುತ್ತಾಳೆ, ಬಾಗಿಲ ಮುಂದೆ ನಿಂತು ಒಳಗಿನವರನ್ನು ಕರೆಯುತ್ತಾಳೆ. ಬೇರೆ ಯಾರದೋ ದನಿಯಲ್ಲಲ್ಲ, ನಮಗೆ ಅತ್ಯಂತ ಬೇಕಾದವರ ದನಿಯಲ್ಲಿ. ಓಗೊಟ್ಟವರನ್ನು ಕರೆದೊಯ್ಯುತ್ತಾಳೆ. ಆದರೆ ಅವಳಿಗೆ ಎರಡೇ ಸಲ ಕೂಗುವ ಅಪ್ಪಣೆ, ಮೂರನೆಯ ಸಲ ಕೂಗುವುದು ಮನುಷ್ಯರು ಮಾತ್ರ. ಸಾಲಿನ ತುದಿಯ ಹೂವಾಡಗಿತ್ತಿ ತನ್ನ ಸತ್ತ ಗಂಡನ ದನಿ ಕೇಳಿ ‘ಆಂ’ ಎಂದವಳು ಬೆಳಗಾಗುವುದರೊಳಗೆ ಹೋದಳೆಂದು ಸುದ್ದಿಯಾದ ಮೇಲೆ ಕಾಳಾಚಾರಿ ಪ್ರತಿ ಗುಡಿಸಲಿನ ಮುಂದೆ ನಿಂತು ಕಟ್ಟಳೆ ಹೇಳಿ ಬಂದ. ದೀಪ ಹಚ್ಚಿದ ಮೇಲೆ ಮೂರನೆಯ ಕೂಗು ಕೇಳುವ ತನಕ ಯಾರೂ ಓಗೊಡಕೂಡದು, ತಟ್ಟಿಯ ಸಂದಿಯಿಂದ ಇಣುಕಲೂ ಕೂಡದು. ಹೊರಗಿನಿಂದ ಬಂದ ಮನುಷ್ಯರು ಮೂರು ಸಲ ಕೂಗಲೇಬೇಕು. ಯಾರೂ ಅದನ್ನು ತಮಾಷೆಯೆಂದುಕೊಳ್ಳಲಿಲ್ಲ. ತಿಮ್ಮಾಜಮ್ಮನೂ ತಲೆಯಾಡಿಸಿದಳು. ಹೊಳೆಬೀದಿಯಲ್ಲಿರುವ ಮಗಳಿಗೆ ಈ ಕಟ್ಟಳೆ ತಿಳಿದಿರಲಿಕ್ಕಿಲ್ಲ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ.

ಕೋಟೆಯ ಬಾಗಿಲಿಗೆ ಪಹರೆ ಬಿದ್ದು ಒಳಗಿನ ಸುದ್ದಿ ನಿಂತುಹೋಯಿತು. ಅಳಿಯ ತೀರಿಕೊಂಡನೆಂದು ಒಬ್ಬರು ಹೇಳಿದರು, ಬೀಗಿತ್ತಿಯೂ ಹೋದಳೆಂದು ಇನ್ನೊಬ್ಬರು ಹೇಳಿದರು. ಚೆಲುವಿಯ ವಿಷಯ ಹೇಳುವವರೇ ಇರಲಿಲ್ಲ. ತಿಮ್ಮಾಜಮ್ಮ ಹಗಲೆಲ್ಲ ಕೋಟೆಯ ದಾರಿ ನೋಡುತ್ತ ಕೂರುತ್ತಿದ್ದಳು, ಹೊತ್ತು ಮುಳುಗಿದರೆ ಒಳಗೆ ಬಂದು ಅಗಣಿ ಹಾಕುತ್ತಿದ್ದಳು. ಹಾಗೆ ಒಂದು ಸಂಜೆ ದೀಪ ಹಚ್ಚಿ, ಎಣ್ಣೆಯ ಕೈ ಒರೆಸಿಕೊಳ್ಳುತ್ತಿರುವಾಗ ಬಾಗಿಲ ಹೊರಗೆ ‘ಅವ್ವಾ’ ಎಂದು ಕೇಳಿಸಿತು. ಚೆಲುವಿಯ ದನಿಯೇ. ಆ ‘ವ್ವಾ’ವನ್ನು ಎಳೆಯುವ ರೀತಿ ಅವಳೊಬ್ಬಳದೇ. ತಿಮ್ಮಾಜಮ್ಮನ ಬಾಯಿಗೆ ‘ಓ’ ಬಂದೇಬಿಟ್ಟಿತ್ತು. ಅಂಗೈಯಿಂದ ಒತ್ತಿ ಹಿಡಿದಳು. ದನಿ ಬೇರೆ ಯಾರದಾದರೂ ಆಗಿದ್ದರೆ ಅವಳಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಮಗಳದೇ ಆಗಿತ್ತು. ಬಾಗಿಲ ಪಕ್ಕದ ತಟ್ಟಿಯಲ್ಲಿ ಬೆರಳು ತೂರುವಷ್ಟು ಸಂದಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ಎರಡನೆಯ ಸಲ ‘ಅವ್ವಾ’ ಎಂದಿತು, ಮೊದಲಿಗಿಂತ ಸಣ್ಣಗೆ. ತಿಮ್ಮಾಜಮ್ಮ ಬಾಗಿಲಿಗೆ ಹಣೆ ಹಚ್ಚಿ, ಅಗಣಿಯ ಮೇಲೆ ಕೈಯಿಟ್ಟು ನಿಂತಳು. ಇನ್ನೊಂದು ಕೂಗು ಹಾಕು ಮಗಳೇ, ನನ್ನ ತಾಯಿ, ಇನ್ನೊಂದೇ ಒಂದು ಎಂದು ಒಳಗೊಳಗೇ ಬೇಡಿಕೊಂಡಳು. ಹೊರಗೆ ಏನೋ ಬಾಗಿಲಿಗೆ ಒರಗಿ ಜಾರಿದ ಸದ್ದಾಯಿತು. ಮೂರನೆಯ ಕೂಗು ಬರಲಿಲ್ಲ. ಬತ್ತಿ ಎಣ್ಣೆ ಕುಡಿದು ದೀಪ ಸಣ್ಣಗಾಗುವ ತನಕ ಅವಳು ಹಾಗೇ ನಿಂತಿದ್ದಳು, ಬರಲಿಲ್ಲ.

ಆಮೇಲೆ ಒಂದು ಕೂಸು ಅತ್ತಿತು. ಮಾರಿಗೆ ಕೂಸಿರುವುದಿಲ್ಲ. ತಿಮ್ಮಾಜಮ್ಮ ಅಗಣಿ ಕಿತ್ತೆಳೆದಳು. ಬಾಗಿಲಿಗೆ ಒರಗಿ ಕೂತಿದ್ದ ಚೆಲುವಿ ಹಿಂದಕ್ಕೆ ವಾಲಿ ತಾಯಿಯ ಪಾದದ ಮೇಲೆ ಬಿದ್ದಳು. ಮೈ ಕಾದ ಹಂಚಿನಂತಿತ್ತು. ಕೂಸನ್ನು ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡು, ಗಡ್ಡೆಜ್ವರದಲ್ಲಿ, ಪಹರೆಯವರ ಕಣ್ಣು ತಪ್ಪಿಸಿ ಕೋಟೆಯ ಬಿರುಕಿನಿಂದ ನುಸುಳಿ ಬಂದಿದ್ದಳು. ಗಿಳಿಬಾಗಿಲನ್ನು ಹುಡುಕಿಕೊಂಡಿದ್ದಳು, ತಾಯಿ ಹೇಳಿದಂತೆ ಕೂಗಿದ್ದಳು. ಒಂದು ಸಾಲದೆಂದು ಇದ್ದ ಉಸಿರನ್ನೆಲ್ಲ ಕೂಡಿಸಿ ಇನ್ನೊಂದು. ತಾಯಿ ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಾಗ ಕಣ್ಣು ತೆರೆದು, ‘ನೀನು ಮನೇಲಿಲ್ವೇನೋ ಅನ್ಕಂಡೆ ಕಣವ್ವ’ ಎಂದಳು. ಅದರಲ್ಲಿ ದೂರೇನೂ ಇರಲಿಲ್ಲ. ತಾಯಿ ಬಂದಳಲ್ಲ ಎಂಬ ಸಮಾಧಾನವಷ್ಟೇ ಇತ್ತು. ತಿಮ್ಮಾಜಮ್ಮನಿಗೆ ಇಲ್ಲೇ ಇದ್ದೆ ಎನ್ನಲು ನಾಲಿಗೆ ಏಳಲಿಲ್ಲ, ಇರಲಿಲ್ಲ ಎನ್ನಲೂ ಏಳಲಿಲ್ಲ. ಮಗಳ ಹಣೆ ಸವರುತ್ತ ಕೂತಳು. ಸ್ವಲ್ಪ ಹೊತ್ತಿಗೆಲ್ಲ ಚೆಲುವಿಯ ಉಸಿರು ನಿಂತಿತು.

ಬಾಗಿಲು ತೆರೆದಿದ್ದರೂ ಆ ಜೀವ ಉಳಿಯುತ್ತಿರಲಿಲ್ಲ ಎಂದು ಎಲ್ಲರೂ ಹೇಳಿದರು. ನಿಜವೂ ಇರಬಹುದು. ಆದರೆ ತಿಮ್ಮಾಜಮ್ಮನ ಸಂಕಟ ಅದಾಗಿರಲಿಲ್ಲ. ಮಣ್ಣು ಮುಗಿಸಿ ಬಂದ ಮೇಲೆ ಅವಳು ಕಾಳಾಚಾರಿಯನ್ನು ಕರೆದು ಬಾಗಿಲನ್ನು ತೆಗೆದುಹಾಕು ಎಂದಳು. ಅವನು ಉಳಿ ಸುತ್ತಿಗೆ ಹಿಡಿದು ಬಂದವನು ಹೊಸ್ತಿಲ ಮೇಲೆಯೇ ಕುಸಿದು ಕೂತು ಬಿಕ್ಕಿದ. ‘ಕಟ್ಲೆ ಹೇಳ್ದೋನು ನಾನು ತಾಯಿ. ಪಾಪ ನಂದು’ ಎಂದ. ತಿಮ್ಮಾಜಮ್ಮ ಅಳಲಿಲ್ಲ. ‘ನೀನು ಹೇಳ್ದೆ, ಸೈ. ದನಿ ನನ್ ಮಗಳ್ದು ಅಂತ ನಿಂಗೇನ್ ಗೊತ್ತಿತ್ತು ಕಾಳಣ್ಣ? ನಂಗೊತ್ತಿತ್ತು’ ಎಂದಳು. ಆಚಾರಿ ಬಾಗಿಲನ್ನು ಬಿಚ್ಚಿದ. ಅದೇ ಹಲಗೆಯಿಂದ ಕೂಸಿಗೊಂದು ತೊಟ್ಟಿಲು ಮಾಡಿಕೊಟ್ಟ. ಬಾಗಿಲವಾಡ ಮಾತ್ರ ಇದ್ದಲ್ಲೇ ನಿಂತಿತು.

ಅಂದಿನಿಂದ ಆ ಗುಡಿಸಲ ಮುಂದೆ ಯಾವ ಹೊತ್ತಿನಲ್ಲಿ ಯಾರು ಕೂಗಿದರೂ ಮೊದಲ ಕೂಗಿಗೇ ‘ಓ, ಬಂದೆ’ ಎಂಬ ಉತ್ತರ ಬರತೊಡಗಿತು. ಮಾರಿಯೇ ಆದರೂ ಬರಲಿ, ನನ್ನನ್ನು ಕರೆದುಕೊಂಡೇ ಹೋಗಲಿ ಎಂದು ಅವಳು ಓಗೊಟ್ಟಳೆಂದು ಹೇಳುವವರಿದ್ದಾರೆ. ಮಾರಿ ಬರಲಿಲ್ಲ. ಬಂದವರೆಲ್ಲ ಮನುಷ್ಯರೇ. ಜ್ವರವೆಂದು ಮನೆಯವರೇ ಹೊರಗೆ ಹಾಕಿದವರು, ಕೋಟೆಯಿಂದ ತಪ್ಪಿಸಿಕೊಂಡು ಬಂದವರು, ಇನ್ಯಾವ ಗುಡಿಸಲಿನಲ್ಲೂ ಉತ್ತರ ಸಿಗದವರು. ಅವರಿಗೆ ಗಂಜಿ ಕಾಯಿಸಿದಳು, ಬಾಯಿಗೆ ನೀರು ಬಿಟ್ಟಳು, ಸತ್ತವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸಂದಿಯಿಂದ ನೋಡುತ್ತಿದ್ದ ಜನ ಒಬ್ಬೊಬ್ಬರಾಗಿ ಹೊರಗೆ ಬಂದರು. ಮೊದಲು ಅಗಣಿ ಕಿತ್ತವನು ಕಾಳಾಚಾರಿ. ಪ್ಲೇಗು ಇಳಿದ ಮೇಲೆ ಬಹಳಷ್ಟು ಜನ ಕೋಟೆಗೆ ಮರಳಲಿಲ್ಲ. ಹಗ್ಗ ಹಿಡಿದು ನಿವೇಶನ ಅಳೆಯಲು ಬಂದ ಅಧಿಕಾರಿಗಳು ಬೀದಿಯ ನಡುವೆ ನಿಂತ ಆ ಬಾಗಿಲವಾಡವನ್ನು ಕೀಳಿಸಲು ನೋಡಿದರು. ಜನ ಸುತ್ತ ಕೂತುಬಿಟ್ಟರು, ರಸ್ತೆಯೇ ಪಕ್ಕಕ್ಕೆ ಸರಿಯಿತು. ಇದು ಯಾವ ಜಾಗ ಎಂದು ಕೇಳಿದವರಿಗೆ ಓಗೊಟ್ಟಮ್ಮನ ಬಡಾವಣೆ ಎಂದು ಹೇಳತೊಡಗಿದರು. ಪ್ರೀತಿಯಿಂದ ಇಟ್ಟ ಹೆಸರು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ತಿಮ್ಮಾಜಮ್ಮನ ಮುಖ ಸಣ್ಣದಾಗುತ್ತಿತ್ತು. ಬೇಡಿರಪ್ಪ, ಓಗೊಡದೆ ಹೋದವಳು ನಾನು ಎಂದು ಕೈಮುಗಿಯುತ್ತಿದ್ದಳು. ಆ ಒಂದು ಮಾತನ್ನು ಮಾತ್ರ ಜನ ಕೇಳಲಿಲ್ಲ.

ಅವಳು ತೀರಿಹೋದದ್ದನ್ನು ಆ ತೊಟ್ಟಿಲ ಕೂಸು, ಮುಂದೆ ಕೂಸಮ್ಮನೆಂದೇ ಹೆಸರಾದವಳು, ತನ್ನ ಮೊಮ್ಮಕ್ಕಳಿಗೆ ಹೇಳುತ್ತಿದ್ದಳು. ದೀಪ ಹಚ್ಚಿದ ಹೊತ್ತು. ಹಾಸಿಗೆ ಹಿಡಿದಿದ್ದ ಅಜ್ಜಿ ಬಹಳ ದಿನದಿಂದ ಮಾತು ಬಿಟ್ಟಿದ್ದಳು. ಬೀದಿಯಲ್ಲಿ ಯಾರೂ ಇರಲಿಲ್ಲ, ಯಾರೂ ಕರೆದಿರಲಿಲ್ಲ. ಅಜ್ಜಿ ತಟ್ಟನೆ ತಲೆಯೆತ್ತಿ, ಎಣ್ಣೆ ಮಾರುತ್ತಿದ್ದ ಕಾಲದ ತುಂಬುದನಿಯಲ್ಲಿ, ‘ಓ! ಇಲ್ಲೇ ಇದ್ದೀನಿ ಮಗ’ ಎಂದಳಂತೆ. ಅದೇ ಕೊನೆ.

ಈಗಲೂ ಈ ಬಡಾವಣೆಯ ಹೆಣ್ಣುಮಕ್ಕಳು ಗಂಡನ ಮನೆಯಿಂದ ಬಂದಾಗ ನೇರವಾಗಿ ತವರಿನ ಬಾಗಿಲಿಗೆ ಹೋಗುವುದಿಲ್ಲ. ಆಟೋ ಇಳಿದು, ಬ್ಯಾಗನ್ನು ಹೊಂಗೆಮರದ ಬುಡದಲ್ಲಿಟ್ಟು, ಬಾಗಿಲವಾಡದ ಈಚೆ ನಿಂತು ‘ಅವ್ವಾ’ ಎಂದು ಒಂದೇ ಸಲ ಕೂಗುತ್ತಾರೆ. ತಾಯಿ ತೀರಿಹೋಗಿ, ಮನೆ ಕೈಬದಲಾಗಿ, ಇಲ್ಲಿ ತಮ್ಮವರೆಂದು ಯಾರೂ ಉಳಿಯದ ಮುದುಕಿಯರೂ ಯಾವಾಗಲಾದರೊಮ್ಮೆ ಬಂದು ನಿಂತು ಕೂಗುವುದುಂಟು. ಆಗ ನೋಡಬೇಕು. ಕುಕ್ಕರಿನ ಮುಂದೆ ನಿಂತವಳು, ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿರುವವಳು, ನಿನ್ನೆ ಮೊನ್ನೆ ಬಾಡಿಗೆಗೆ ಬಂದವಳು, ಯಾರು ಬಂದರೆಂದು ನೋಡುವ ಮೊದಲೇ ಎಲ್ಲರೂ ‘ಓ, ಬಂದೆ’ ಎನ್ನುತ್ತಾರೆ.